ತರಿಯೋ ಖುಷ್ಕಿಯೋ ಕೇಳಿಸಿ: ಮುಖ್ಯ ನ್ಯಾಯಮೂರ್ತಿಗಳಿಗೆ ಮಿರ್ಲೆಯಿಂದ ಒಂದು ಪತ್ರ

ಕರ್ನಾಟಕ ಉಚ್ಚ ನ್ಯಾಯಾಲಯದ ಗೌರವಾನ್ವಿತ ಮುಖ್ಯ ನ್ಯಾಯಮೂರ್ತಿಗಳಲ್ಲಿ,

ಬರೆಯುತ್ತಿರುವವಳು ಮಿರ್ಲೆ ಹೋಬಳಿಯ ಒಬ್ಬ ಹೆಂಗಸು. ನಾನು ವಕೀಲಳಲ್ಲ. ನಮ್ಮೂರಿನ ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆಯುವವಳು. ಗಂಡನ ಮನೆಯಿಂದ ಹೊಡೆಸಿಕೊಂಡು ಬಂದ ಹೆಣ್ಣುಮಕ್ಕಳು ಕೋರ್ಟಿಗೆ ಹೋಗುವಾಗ ಜೊತೆಗೆ ಒಬ್ಬರು ಬೇಕು ಅಂತ ಕರೆಯುತ್ತಾರೆ, ಹೋಗುತ್ತೇನೆ. ಹಾಗೆ ಹೋಗಿ ಬಂದು ಈ ಕಾನೂನಿನ ಪುಸ್ತಕ ಓದುವುದು ಕಲಿತೆ.

ಯಾವುದೇ ಒಂದು ಮೊಕದ್ದಮೆಯ ಬಗ್ಗೆ ನಾನು ಬರೆಯುತ್ತಿಲ್ಲ. ನ್ಯಾಯಾಲಯದ ಮುಂದಿರುವ ವ್ಯಾಜ್ಯದ ವಿಚಾರದಲ್ಲಿ ಹೊರಗಿನವರು ಪತ್ರ ಬರೆಯಬಾರದು ಎಂಬುದು ಗೊತ್ತು. ತಾಲ್ಲೂಕು ನ್ಯಾಯಾಲಯಗಳ ಮೇಲ್ವಿಚಾರಣೆಯನ್ನು ಸಂವಿಧಾನ ಉಚ್ಚ ನ್ಯಾಯಾಲಯಕ್ಕೆ ವಹಿಸಿದೆ. ಅದಕ್ಕೆ ಸೇರಿದ ಮಾತು ಮಾತ್ರ ನನ್ನದು. ಕೌಟುಂಬಿಕ ಹಿಂಸೆಯ ಕೇಸಿನಲ್ಲಿ ಹೆಂಡತಿ ಹಾಕಿದ ಮಧ್ಯಂತರ ಜೀವನಾಂಶದ ಅರ್ಜಿ ಎಷ್ಟು ಕಾಲ ಹಾಗೇ ಕೂರಬಹುದು, ಅಷ್ಟು ಕಾಲ ಅವಳೂ ಮಕ್ಕಳೂ ಏನು ಉಣ್ಣಬೇಕು ಎಂಬುದೇ ಆ ಮಾತು.

ಕಾಯ್ದೆಯಲ್ಲಿ ಕೊರತೆಯಿಲ್ಲ, ಮಾನ್ಯರೇ. 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಅರ್ಜಿ ಬಂದ 3 ದಿನದೊಳಗೆ ಸಾಮಾನ್ಯವಾಗಿ ಮೊದಲ ವಿಚಾರಣೆ ಆಗಬೇಕು, ಅಲ್ಲಿಂದ 60 ದಿನದೊಳಗೆ ಅರ್ಜಿಯನ್ನು ಇತ್ಯರ್ಥ ಮಾಡಲು ಯತ್ನಿಸಬೇಕು ಎನ್ನುತ್ತದೆ 12ನೇ ಕಲಂ. ಅಷ್ಟೂ ಕಾಯಲಾಗದವಳಿಗೆ 23ನೇ ಕಲಂ ಇದೆ. ಹೆಂಡತಿಯ ಪ್ರಮಾಣಪತ್ರ ನೋಡಿ ಮೇಲ್ನೋಟಕ್ಕೆ ಹಿಂಸೆ ನಡೆದಿದೆ ಎನಿಸಿದರೆ, ಗಂಡ ಹಾಜರಾಗುವ ಮೊದಲೇ ಮಧ್ಯಂತರ ಆದೇಶ ಮಾಡುವ ಅಧಿಕಾರ ಮ್ಯಾಜಿಸ್ಟ್ರೇಟರಿಗೆ ಇದೆ. 28ನೇ ಕಲಂ ಅವರದೇ ಕಾರ್ಯವಿಧಾನ ರೂಪಿಸಿಕೊಳ್ಳಲು ಬಿಟ್ಟಿದೆ. ಇಷ್ಟು ಉದಾರವಾಗಿ ಬರೆದ ಕಾಯ್ದೆಯ ಕೆಳಗೆ ಹಾಕಿದ ಅರ್ಜಿ ಜಮೀನಿನ ದಾವೆಯ ನಡೆಯಲ್ಲಿ ನಡೆಯುತ್ತಿರುವುದು ನನ್ನ ಸಂಕಟ.

ನಡೆಯುವ ಕ್ರಮ ಹೀಗಿದೆ. ಮೊದಲ ವಾಯಿದೆಗೆ ನೋಟಿಸು ಜಾರಿಯಾಗಿರುವುದಿಲ್ಲ. ಎರಡನೆಯದಕ್ಕೆ ‘ಊರಲ್ಲಿಲ್ಲ’ ಎಂಬ ಷರಾ ಬರುತ್ತದೆ. ಆಮೇಲೆ ಗಂಡನ ಪರ ವಕಾಲತ್ತು, ತಕರಾರು ಸಲ್ಲಿಸಲು ಕಾಲಾವಕಾಶ, ಮತ್ತೆ ಕಾಲಾವಕಾಶ. ನಡುವೆ ರಜೆ, ವರ್ಗಾವಣೆ. ಶಕ್ತಿ ಯೋಜನೆ ಬಂದ ಮೇಲೆ ಕೆ.ಆರ್. ನಗರದ ಕೋರ್ಟಿಗೆ ಹೋಗಿ ಬರುವ ಬಸ್ ಚಾರ್ಜು ಉಳಿದಿದೆ, ನಿಜ. ಆದರೆ ನಾಟಿ ಕಾಲದಲ್ಲಿ ಒಂದು ವಾಯಿದೆ ಎಂದರೆ ಒಂದು ದಿನದ ಕೂಲಿ ಹೋಯಿತು. ಗೃಹಲಕ್ಷ್ಮಿ ಯೋಜನೆಯ 2,000 ರೂಪಾಯಿ ಬರುವುದು ಪಡಿತರ ಚೀಟಿಯಲ್ಲಿ ಮನೆಯೊಡತಿ ಎಂದು ಹೆಸರಿರುವವರಿಗೆ. ಕೂಡುಕುಟುಂಬದಲ್ಲಿ ಅದು ಅತ್ತೆ. ಸೊಸೆ ಮನೆ ಬಿಟ್ಟು ಬಂದರೆ ಆ ಹಣ ಅಲ್ಲೇ ಉಳಿಯುತ್ತದೆ. ಅಲ್ಲಿಯ ಚೀಟಿಯಿಂದ ಹೆಸರು ತೆಗೆಸದೆ ಇಲ್ಲಿ ಹೊಸ ಚೀಟಿ ಆಗುವುದಿಲ್ಲ, ಹೆಸರು ತೆಗೆಸಲು ಹೋಗಬೇಕಾದದ್ದು ಹೊಡೆದವರ ಮನೆಬಾಗಿಲಿಗೇ. ಎಲ್ಲ ಮನೆಗೂ ತಲುಪಿದೆ ಎನ್ನುವ ನೆರವು ಇವಳನ್ನು ತಲುಪುವುದಿಲ್ಲ. ಇವಳಿಗೆ ಉಳಿಯುವುದು ತವರಿನ ಅಣ್ಣತಮ್ಮಂದಿರ ಮರ್ಜಿ, ಇಲ್ಲವೇ ನ್ಯಾಯಾಲಯದ ಆ ಒಂದು ಆದೇಶ.

ಅರ್ಜಿ ಕೂರುವುದಕ್ಕೆ ದೊಡ್ಡ ಕಾರಣ ಒಂದೇ ಎಂದು ನನಗೆ ಅನಿಸಿದೆ. ಈ ಪತ್ರ ಬರೆದದ್ದೇ ಅದಕ್ಕಾಗಿ.

ಗಂಡ ಬಂದು ನಿಂತು, “ಸ್ವಾಮಿ, ನನ್ನ ಹೆಸರಲ್ಲಿ ಏನೂ ಇಲ್ಲ, ಕೂಲಿ ಮಾಡಿ ಬದುಕ್ತಿದೀನಿ” ಎನ್ನುತ್ತಾನೆ. ಪಹಣಿ ತೆಗೆಸಿದರೆ ಅದು ಅವನ ಅಪ್ಪನ ಹೆಸರಲ್ಲೇ ಇರುತ್ತದೆ. ನಮ್ಮ ಕಡೆ ಅಪ್ಪ ಇರುವವರೆಗೂ ಖಾತೆ ಮಕ್ಕಳ ಹೆಸರಿಗೆ ಆಗುವುದು ಅಪರೂಪ. ಆದರೆ ಉಳುವವನು, ಭತ್ತ ಮಾರುವವನು, ಟ್ರ್ಯಾಕ್ಟರಿನ ಕಂತು ಕಟ್ಟುವವನು ಮಗ. ಮಿರ್ಲೆ ನಾಲೆಯ ನೀರು ಹರಿಯುವ ಗದ್ದೆಗೂ ಮಳೆ ನಂಬಿದ ಹೊಲಕ್ಕೂ ಎಷ್ಟು ಅಂತರ ಎಂಬುದು ಇಲ್ಲಿನ ಮಕ್ಕಳಿಗೂ ಗೊತ್ತು. ನ್ಯಾಯಾಲಯದ ಕಡತಕ್ಕೆ ಮಾತ್ರ ಗೊತ್ತಾಗುವುದಿಲ್ಲ, ಏಕೆಂದರೆ ಕೇಳಬೇಕಾದ ರೀತಿಯಲ್ಲಿ ಅದನ್ನು ಯಾರೂ ಕೇಳುವುದಿಲ್ಲ.

ಕೇಳುವ ರೀತಿಯನ್ನು ಸರ್ವೋಚ್ಚ ನ್ಯಾಯಾಲಯ ಹೇಳಿಕೊಟ್ಟಿದೆ. 2020ರ ನವೆಂಬರ್ 4ರಂದು ರಜನೇಶ್ ವಿರುದ್ಧ ನೇಹಾ ಪ್ರಕರಣದಲ್ಲಿ ಬಂದ ತೀರ್ಪು ತಮಗೆ ನಾನು ವಿವರಿಸಬೇಕಾದದ್ದಲ್ಲ. ಓದುವ ನನ್ನಂಥವರಿಗಾಗಿ ಬರೆಯುತ್ತೇನೆ. ಜೀವನಾಂಶದ ಪ್ರತಿ ಕೇಸಿನಲ್ಲೂ ಗಂಡ ಹೆಂಡತಿ ಇಬ್ಬರೂ ತಮ್ಮ ಆಸ್ತಿ, ಆದಾಯ, ಸಾಲ, ಖರ್ಚು ತಿಳಿಸಿ ಪ್ರಮಾಣಪತ್ರ ಕೊಡಬೇಕು. ಗಂಡನಿಗೆ ಹೆಚ್ಚೆಂದರೆ 4 ವಾರ. ತಪ್ಪಿದರೆ ಎರಡು ಅವಕಾಶಕ್ಕಿಂತ ಹೆಚ್ಚು ಕೊಡಬಾರದು. ಬೇಕೆಂದೇ ಎಳೆದಾಡಿದರೆ ಅವನ ಪ್ರತಿವಾದವನ್ನೇ ತೆಗೆದುಹಾಕುವ ಬಗ್ಗೆ ಯೋಚಿಸಬಹುದು. ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಸಲ್ಲಬೇಕು.

ಆ ತೀರ್ಪಿನ ಜೊತೆ ಪ್ರಮಾಣಪತ್ರದ ನಮೂನೆಗಳನ್ನೂ ಲಗತ್ತಿಸಿದ್ದಾರೆ. ಒಂದು ಸಂಬಳದವರಿಗೆ, ವ್ಯಾಪಾರದವರಿಗೆ. ಇನ್ನೊಂದು ಬೇಸಾಯಗಾರರಿಗೆಂದೇ ಮಾಡಿದ್ದು. ಅದನ್ನು ಓದಿದಾಗ ನನಗೆ ದೆಹಲಿಯಲ್ಲಿ ಕೂತು ಯಾರೋ ನಮ್ಮೂರನ್ನು ನೆನೆದು ಬರೆದಂತೆ ಅನಿಸಿತು. ಕುಟುಂಬದ ಜಮೀನು ಎಷ್ಟು, ಎಲ್ಲಿದೆ, ತರಿಯೋ ಖುಷ್ಕಿಯೋ, ಏನು ಬೆಳೆಯುತ್ತೀರಿ, ದನಕರು, ಕೋಳಿ, ಕುರಿ ಏನಿವೆ, ಬೆಳೆಸಾಲ ಎಷ್ಟು, ಇಂಥ ಪ್ರಶ್ನೆಗಳು. ಪಹಣಿ ಯಾರ ಹೆಸರಲ್ಲಿದೆ ಎಂಬಲ್ಲಿಗೆ ನಿಲ್ಲದೆ ಮನೆ ಹೇಗೆ ನಡೆಯುತ್ತಿದೆ ಎಂದು ಕೇಳುವ ಕಾಗದ ಅದು.

ನಾನು ಕಂಡ ಕಡತಗಳಲ್ಲಿ ಆ ಕಾಗದ ಇರಲಿಲ್ಲ. ಇದು ನಮ್ಮ ಕಡೆಯ ದೂರು ಮಾತ್ರವಲ್ಲ. ಮಾರ್ಗಸೂಚಿ ಪಾಲನೆಯಾಗುತ್ತಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯವೇ 2023ರ ನವೆಂಬರ್‌ನಲ್ಲಿ ಇನ್ನೊಂದು ತೀರ್ಪಿನಲ್ಲಿ ಬೇಸರಪಟ್ಟು, ಎಲ್ಲ ಉಚ್ಚ ನ್ಯಾಯಾಲಯಗಳಿಗೆ ಅದನ್ನು ಮತ್ತೊಮ್ಮೆ ಕಳಿಸಿಕೊಟ್ಟಿದೆ. ಇದರ ಪರಿಣಾಮ ಎಲ್ಲಿಗೆ ಮುಟ್ಟುತ್ತದೆ ನೋಡಿ. ಮಧ್ಯಂತರ ಅರ್ಜಿಯನ್ನು ತಡವೆಂದರೂ 4ರಿಂದ 6 ತಿಂಗಳಲ್ಲಿ ತೀರ್ಮಾನಿಸಿ ಎಂದು 2020ರ ತೀರ್ಪು ಹೇಳಿದ್ದು, ಪ್ರಮಾಣಪತ್ರ ಸಲ್ಲಿಕೆಯಾದ ಮೇಲಿನ ಲೆಕ್ಕ. ಪ್ರಮಾಣಪತ್ರವೇ ಬರದಿದ್ದರೆ ಆ ಅವಧಿ ಶುರುವಾಗುವುದೇ ಇಲ್ಲ. ಹೆಂಡತಿಗೆ ಕೊಡಲು ಮನಸ್ಸಿಲ್ಲದವನಿಗೆ ಇದಕ್ಕಿಂತ ಸುಲಭದ ದಾರಿ ಬೇಕೆ?

ರೈತನ ಆದಾಯಕ್ಕೆ ದಾಖಲೆ ಎಲ್ಲಿದೆ ಎಂದು ಕೇಳುವವರಿದ್ದಾರೆ. ನಮ್ಮ ಕಡೆಯ ತಾಲ್ಲೂಕುಗಳಲ್ಲಿ ಬೇಕಾದಷ್ಟಿದೆ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆ ಹೊಗೆಸೊಪ್ಪು ಬೆಳೆಯುವವನಿಗೆ ತಂಬಾಕು ಮಂಡಳಿಯ ನೋಂದಣಿ ಇರುತ್ತದೆ. ಎಷ್ಟು ಬೇಲು ಯಾವ ದಿನ ಎಷ್ಟು ದರಕ್ಕೆ ಹೋಯಿತು ಎಂಬುದು ಹರಾಜು ಮಾರುಕಟ್ಟೆಯ ಲೆಕ್ಕದಲ್ಲಿದೆ, ಹಣ ಬ್ಯಾಂಕಿನ ಖಾತೆಗೆ ಬರುತ್ತದೆ. ಹಸು ಕಟ್ಟಿದವನ ಹಾಲಿನ ಲೆಕ್ಕ ಡೇರಿಯಲ್ಲಿದೆ. ಬೆಂಬಲ ಬೆಲೆಗೆ ಭತ್ತ, ರಾಗಿ ಬಿಟ್ಟವನ ಹೆಸರು ಖರೀದಿ ಕೇಂದ್ರದಲ್ಲಿದೆ. ಸರ್ಕಾರದ ‘ಫ್ರೂಟ್ಸ್’ ರೈತ ನೋಂದಣಿಯಲ್ಲಿ ಜಮೀನಿನ ವಿವರವಿದೆ. ಸಹಕಾರ ಸಂಘದಲ್ಲಿ ಬೆಳೆಸಾಲದ ವಿವರವಿದೆ. ಸರ್ಕಾರದಿಂದ ಪಡೆಯುವಾಗ ರೈತ, ಹೆಂಡತಿಗೆ ಕೊಡುವಾಗ ಕೂಲಿ ಎನ್ನುವ ಮಾತು ಒಂದು ಪಾಸ್‌ಬುಕ್ ತರಿಸಿದರೆ ನಿಲ್ಲುವುದಿಲ್ಲ.

ಇನ್ನೂ ಒಂದಿದೆ. 20ನೇ ಕಲಂನ 6ನೇ ಉಪಕಲಂ ಪ್ರಕಾರ ಗಂಡ ಹಣ ಕೊಡದಿದ್ದರೆ ಅವನ ಮಾಲೀಕನಿಗೋ, ಅವನಿಗೆ ಹಣ ಕೊಡಬೇಕಾದವರಿಗೋ, ಹೆಂಡತಿಗೆ ನೇರವಾಗಿ ಕೊಡಿ ಅಥವಾ ನ್ಯಾಯಾಲಯಕ್ಕೆ ಕಟ್ಟಿ ಎಂದು ಮ್ಯಾಜಿಸ್ಟ್ರೇಟರು ಹೇಳಬಹುದು. ಇದನ್ನು ಸಂಬಳದವರಿಗೆ ಮಾತ್ರ ಎಂದು ನೋಡುವ ರೂಢಿ. ಡೇರಿಯ ಬಟವಾಡೆಗೂ ಅದು ಅನ್ವಯಿಸಬಾರದೇಕೆ? ಹಸುವಿನ ಸಗಣಿ ಬಾಚಿ, ಮೇವು ಹಾಕಿ, ಹಾಲು ಕರೆದು ಡೇರಿಗೆ ಹೊತ್ತವಳು ಆ ಮನೆಯಲ್ಲಿ ಇರುವವರೆಗೂ ಅವಳೇ ಅಲ್ಲವೆ.

ತಡವಾದರೇನು, ಅರ್ಜಿಯ ದಿನದಿಂದ ಬಾಕಿ ಸೇರಿಸಿ ಬರುತ್ತದಲ್ಲ ಎಂದು ಒಬ್ಬ ಹಿರಿಯ ವಕೀಲರು ನನ್ನನ್ನು ಸಮಾಧಾನ ಮಾಡಿದರು. ನಾಟಿ ಒಣಗಿದ ಮೇಲೆ ನಾಲೆಗೆ ನೀರು ಬಿಟ್ಟರೆ ಲೆಕ್ಕಕ್ಕೆ ನೀರು ಬಂದಂತೆಯೇ, ಪೈರಿಗಲ್ಲ. ಬಾಕಿ ದೊಡ್ಡದಾದಷ್ಟೂ ಗಂಡನ ಕಡೆಯವರಿಗೆ ಒಂದು ಹೊಸ ಮಾತು ಸಿಗುತ್ತದೆ: “ಇಷ್ಟೊಂದು ಒಟ್ಟಿಗೆ ಎಲ್ಲಿಂದ ತರೋಣ, ಅರ್ಧಕ್ಕೆ ಮುಗಿಸಿಕೊಳ್ಳಿ.” ಊರ ಯಜಮಾನರು ಸೇರುತ್ತಾರೆ. ಮಗುವಿನ ಶಾಲೆಗೆ ಕಟ್ಟಲು ಕೈಸಾಲ ಮಾಡಿದ್ದಾಳೆ, ಸಂಘದ ಕಂತು ತಪ್ಪಿದೆ, ಅತ್ತಿಗೆ ಮುಖ ಊದಿಸಿಕೊಂಡಿದ್ದಾಳೆ. ಅವಳು ರಾಜಿಗೆ ಸಹಿ ಹಾಕುತ್ತಾಳೆ. ಕಡತದಲ್ಲಿ ಅದು ಸೌಹಾರ್ದದ ಇತ್ಯರ್ಥ. ಕೆಲವರು ಅದಕ್ಕೂ ಕಾಯದೆ, ಹೊಡೆದ ಮನೆಗೇ ವಾಪಸು ಹೋಗುತ್ತಾರೆ. ಹಾಗೆ ಹೋಗುವವರನ್ನು ಬಸ್ಸು ಹತ್ತಿಸುವಾಗ ನನ್ನ ಕೈ ನಡುಗುತ್ತದೆ.

ಸುಳ್ಳು ಕೇಸು ಹಾಕುವವರಿಲ್ಲವೇ ಎಂಬ ಪ್ರಶ್ನೆಯನ್ನು ನಾನು ತಳ್ಳಿಹಾಕುವುದಿಲ್ಲ. ಅದಕ್ಕೂ ಉತ್ತರ ಆ ಪ್ರಮಾಣಪತ್ರದಲ್ಲೇ ಇದೆ. ಹೆಂಡತಿಯೂ ತನ್ನ ದುಡಿಮೆ, ಒಡವೆ, ಬೇರೆ ಕಡೆಯಿಂದ ಬರುತ್ತಿರುವ ಜೀವನಾಂಶ ಎಲ್ಲವನ್ನೂ ಪ್ರಮಾಣ ಮಾಡಿ ಹೇಳಬೇಕು. ಸುಳ್ಳು ಹೇಳಿದರೆ ಅವಳೂ ಸಿಕ್ಕಿಬೀಳುತ್ತಾಳೆ. ಮಧ್ಯಂತರ ಜೀವನಾಂಶ ಗಂಡನನ್ನು ಅಪರಾಧಿ ಎನ್ನುವುದಿಲ್ಲ, ಕೇಸು ನಡೆಯುವಷ್ಟು ದಿನ ಬದುಕಿರಲು ಬೇಕಾದ್ದನ್ನು ಕೊಡು ಎನ್ನುತ್ತದೆ. ‘ಗಟ್ಟಿಮುಟ್ಟಾಗಿದ್ದಾಳೆ, ಕೂಲಿಗೆ ಹೋಗಲಿ’ ಎನ್ನುವವರಿಗೆ, ದುಡಿಯಬಲ್ಲಳು ಎನ್ನುವುದೂ ದುಡಿಯುತ್ತಿದ್ದಾಳೆ ಎನ್ನುವುದೂ ಬೇರೆ ಬೇರೆ ಎಂದು ಸರ್ವೋಚ್ಚ ನ್ಯಾಯಾಲಯ 2017ರಲ್ಲೇ ಹೇಳಿಯಾಗಿದೆ. ಗಟ್ಟಿಮುಟ್ಟಾದ ಗಂಡ ಮೈಮುರಿದು ದುಡಿದಾದರೂ ಹೆಂಡತಿ ಮಕ್ಕಳನ್ನು ಸಾಕಬೇಕು ಎಂದು 2022ರಲ್ಲಿ ಹೇಳಿದೆ.

ಇದು ಬೆರಳೆಣಿಕೆಯ ಮನೆಗಳ ಸಮಸ್ಯೆಯೂ ಅಲ್ಲ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 18ರಿಂದ 49 ವರ್ಷದ, ಮದುವೆಯಾದ ಹೆಂಗಸರಲ್ಲಿ ಶೇ 44.4ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದ್ದಾರೆ. ದೇಶದಲ್ಲೇ ಅತಿ ಹೆಚ್ಚು ನಮ್ಮದು. ಹಿಂದಿನ ಸಮೀಕ್ಷೆಯಲ್ಲಿ ಅದು ಶೇ 20.6 ಇತ್ತು. 1933ರಲ್ಲೇ ಹಿಂದೂ ಹೆಣ್ಣುಮಕ್ಕಳ ಹಕ್ಕಿಗೆಂದು ಕಾಯ್ದೆ ಮಾಡಿದ ಮೈಸೂರು ಸಂಸ್ಥಾನದ ನೆಲದಲ್ಲಿ ಕೂತು ಈ ಅಂಕಿ ಓದುವಾಗ ನಾಚಿಕೆಯಾಗುತ್ತದೆ.

ಸಂರಕ್ಷಣಾಧಿಕಾರಿಗಳ ವಿಚಾರ ಸರ್ಕಾರಕ್ಕೆ ಸೇರಿದ್ದು, ಹೆಚ್ಚು ಬೆಳೆಸುವುದಿಲ್ಲ. ನಮ್ಮಲ್ಲಿ ಅಂಗನವಾಡಿಗಳನ್ನು ನೋಡಿಕೊಳ್ಳುವ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಹೆಗಲಿಗೇ ಈ ಕೆಲಸವೂ ಬಿದ್ದಿದೆ. ನೋಟಿಸು ಜಾರಿ ಮಾಡಿಸುವುದು, ಕೌಟುಂಬಿಕ ಘಟನಾ ವರದಿ ಬರೆಯುವುದು ಎಲ್ಲ ಅವರದೇ. ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಸರ್ವೋಚ್ಚ ನ್ಯಾಯಾಲಯದ ಪೀಠ 2025ರ ಮೇ 20ರಂದು ಜಿಲ್ಲೆ, ತಾಲ್ಲೂಕು ಮಟ್ಟದಲ್ಲಿ ಸಂರಕ್ಷಣಾಧಿಕಾರಿಗಳನ್ನು ಗೊತ್ತುಮಾಡಲು ರಾಜ್ಯಗಳಿಗೆ ಆದೇಶಿಸಿದೆ. ಆ ಆದೇಶದ ಫಲ ಹೋಬಳಿಯವರೆಗೂ ಇಳಿದು ಬರಲಿ ಎಂದು ಆಶಿಸುತ್ತೇನೆ.

ತಮ್ಮಿಂದ ಆಗಬಹುದಾದದ್ದನ್ನು ಮಾತ್ರ ಕೇಳುತ್ತೇನೆ. ಬೇಸಾಯಗಾರರ ಆ ನಮೂನೆ ಅಚ್ಚುಕಟ್ಟಾದ ಕನ್ನಡದಲ್ಲಿ ರಾಜ್ಯದ ಪ್ರತಿ ತಾಲ್ಲೂಕು ನ್ಯಾಯಾಲಯದಲ್ಲೂ ಸಿಗುವಂತಾಗಲಿ. ಗಂಡನಿಗೆ ಹೋಗುವ ನೋಟಿಸಿನ ಜೊತೆಗೇ ಅದರ ಖಾಲಿ ಪ್ರತಿ ಹೋಗಲಿ, ‘ತುಂಬಿಸಿಕೊಂಡು ಬಾ’ ಎಂಬ ಸೂಚನೆಯೊಂದಿಗೆ. ಹೆಂಡತಿಯದನ್ನು ತುಂಬಿಕೊಡಲು ತಾಲ್ಲೂಕು ಕಾನೂನು ಸೇವಾ ಸಮಿತಿಯ ಸ್ವಯಂಸೇವಕರು ಇದ್ದಾರೆ. 1987ರ ಕಾಯ್ದೆಯ ಪ್ರಕಾರ ಹೆಣ್ಣಿಗೆ ಆದಾಯ ನೋಡದೆ ಉಚಿತ ನೆರವು ಸಲ್ಲಬೇಕು, ಆದರೆ ಆ ವಿಷಯ ಗೊತ್ತಿಲ್ಲದೆ ವಕೀಲರ ಫೀಸಿಗೆ ಓಲೆ ಅಡವಿಟ್ಟವರನ್ನು ನಾನು ಬಲ್ಲೆ. ಗಂಡ ಎರಡು ಅವಕಾಶದಲ್ಲೂ ಪ್ರಮಾಣಪತ್ರ ಕೊಡದಿದ್ದರೆ ಹೆಂಡತಿಯದನ್ನೇ ನಂಬಿ ಅಂದೇ ಒಂದು ಮೊತ್ತ ಗೊತ್ತುಮಾಡಲಿ. ಮುಂದೆ ಹೆಚ್ಚೋ ಕಡಿಮೆಯೋ ಎಂದು ಕಂಡರೆ ಸರಿಪಡಿಸಲು ಕಾನೂನಿನಲ್ಲೇ ಅವಕಾಶವಿದೆ. ಹಣ ಅವಳ ಬ್ಯಾಂಕ್ ಖಾತೆಗೆ ಬೀಳಲಿ, ಕೋರ್ಟ್ ಜಗಲಿಯಲ್ಲಿ ಅವನ ಕೈಯಿಂದ ಎಣಿಸಿಕೊಳ್ಳುವಂತಾಗದಿರಲಿ.

ಕೊನೆಯದಾಗಿ, ತಾಲ್ಲೂಕು ನ್ಯಾಯಾಲಯಗಳಿಂದ ತಮ್ಮ ಕಚೇರಿಗೆ ಬರುವ ತಿಂಗಳ ತಃಖ್ತೆಯಲ್ಲಿ ಒಂದು ಕಾಲಂ ಹೆಚ್ಚಾಗಲಿ: ಕೌಟುಂಬಿಕ ಹಿಂಸೆಯ ಕೇಸುಗಳಲ್ಲಿ ಅರ್ಜಿ ಹಾಕಿ 4 ತಿಂಗಳು ದಾಟಿದರೂ ಆದೇಶವಾಗದ ಮಧ್ಯಂತರ ಅರ್ಜಿಗಳೆಷ್ಟು, ಅವುಗಳಲ್ಲಿ ಗಂಡನ ಪ್ರಮಾಣಪತ್ರ ಬಾರದವು ಎಷ್ಟು. ಆ ಕಾಲಂ ಮುಂದಿನ ತಿಂಗಳಿನಿಂದಲೇ ಶುರುವಾಗಬೇಕೆಂದು ಬೇಡುತ್ತೇನೆ.

ಇತಿ ತಮ್ಮ ವಿಧೇಯಳು,
ಮಿರ್ಲೆ ಹೋಬಳಿಯ ಸ್ತ್ರೀಶಕ್ತಿ ಸಂಘವೊಂದರ ಸದಸ್ಯೆ