ಒಂದು ಗುರಿ, ಒಂದು ಗುಳಿಗೆ

ಅಮರಗೋಳದ ಎರೆಹೊಲದಲ್ಲಿ ಕಳೆ ಕೀಳುವ ಒಕ್ಕಲಗಿತ್ತಿ ಪೈರನ್ನು ಉಳಿಸಿ ಕಳೆಯನ್ನಷ್ಟೇ ಕೀಳುತ್ತಾಳೆ. ಕ್ಯಾನ್ಸರಿನ ಮದ್ದಿಗೆ ಈ ವಿವೇಕ ಬಹುಕಾಲ ಇರಲಿಲ್ಲ. ಬೇಗ ಬೆಳೆಯುವ ಜೀವಕೋಶಗಳನ್ನೆಲ್ಲ ಅದು ಹೊಡೆಯುತ್ತಿತ್ತು. ರೋಗದೊಡನೆ ರೋಗಿಯೂ ಸೊರಗುತ್ತಿದ್ದನು. ಗುರುತಿಸಿ ಹೊಡೆಯುವ ಮದ್ದನ್ನು ಸಾಧಿಸಿದವರಲ್ಲಿ ಅಗ್ರಗಣ್ಯರೊಬ್ಬರು ಅಮೆರಿಕೆಯ ವೈದ್ಯವಿಜ್ಞಾನಿ ಬ್ರಯನ್ ಡ್ರುಕರ್.

ಅವರು ಆರಿಸಿಕೊಂಡುದು ರಕ್ತದ ಒಂದು ಬಗೆಯ ಕ್ಯಾನ್ಸರನ್ನು. ವೈದ್ಯರು ಅದನ್ನು ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯ ಎನ್ನುವರು. ಈ ರೋಗಿಗಳ ರಕ್ತಕೋಶಗಳಲ್ಲಿ ಕುಗ್ಗಿದ ವರ್ಣತಂತುವೊಂದನ್ನು 1960ರಲ್ಲಿ ಫಿಲಡೆಲ್ಫಿಯದ ನೋವೆಲ್ ಮತ್ತು ಹಂಗರ್‌ಫರ್ಡ್ ಕಂಡಿದ್ದರು. 1973ರಲ್ಲಿ ಜಾನೆಟ್ ರೌಲಿ ಅದರ ಗುಟ್ಟನ್ನು ಬಿಡಿಸಿದರು: 9 ಮತ್ತು 22ನೆಯ ವರ್ಣತಂತುಗಳ ತುಂಡುಗಳು ಅದಲುಬದಲಾಗಿದ್ದವು. ಈ ತಪ್ಪು ಬೆಸುಗೆಯಿಂದ ಹುಟ್ಟುವ ಕಿಣ್ವವು ಬಿಳಿಯ ರಕ್ತಕಣಗಳಿಗೆ ಬೆಳೆಯಿರೆಂದು ಬಿಡುವಿಲ್ಲದೆ ಅಪ್ಪಣೆ ಕೊಡುತ್ತದೆ. ಅದೊಂದರ ಬಾಯಿ ಕಟ್ಟಿದರೆ ಸಾಕಲ್ಲವೇ?

1993ರಲ್ಲಿ ಆರೆಗಾನ್ ರಾಜ್ಯದ ಪೋರ್ಟ್‌ಲೆಂಡಿಗೆ ಬಂದ ಡ್ರುಕರ್, ಸ್ವಿಟ್ಜರ್ಲೆಂಡಿನ ಸೀಬಾ-ಗೈಗಿ ಕಂಪನಿಯಲ್ಲಿ ನಿಕೊಲಸ್ ಲೈಡನ್ ಅವರ ತಂಡ ಸಿದ್ಧಪಡಿಸಿದ್ದ ವಸ್ತುಗಳನ್ನು ಪರೀಕ್ಷಿಸಿದರು. ಅವುಗಳಲ್ಲಿ ಒಂದು ರೋಗದ ಕೋಶಗಳನ್ನು ಕೊಂದು, ಆರೋಗ್ಯದ ಕೋಶಗಳನ್ನು ಬಹುಮಟ್ಟಿಗೆ ಉಳಿಸಿತು. ಆದರೆ ಕಂಪನಿ ಹಿಂದೆಮುಂದೆ ನೋಡಿತು. ಈ ರೋಗಿಗಳ ಸಂಖ್ಯೆ ಕಡಿಮೆ, ಲಾಭವೆಲ್ಲಿಯದು? ಡ್ರುಕರ್ ಬೆನ್ನುಬಿಡಲಿಲ್ಲ. 1998ರ ಜೂನಿನಲ್ಲಿ ರೋಗಿಗಳ ಮೇಲಣ ಪ್ರಯೋಗ ಮೊದಲಾಯಿತು. ದಿನಕ್ಕೆ 300 ಮಿಲಿಗ್ರಾಂ ಅಥವಾ ಹೆಚ್ಚು ಸೇವಿಸಿದ 54 ಮಂದಿಯಲ್ಲಿ 53 ಮಂದಿಯ ರಕ್ತಕಣಗಳ ಎಣಿಕೆ ಸಹಜಸ್ಥಿತಿಗೆ ಮರಳಿತು! 2001ರ ಮೇ ತಿಂಗಳಲ್ಲಿ ಅಮೆರಿಕೆಯ ಸರಕಾರ ಒಪ್ಪಿಗೆಯಿತ್ತ ಆ ಮದ್ದೇ ಇಮ್ಯಾಟಿನಿಬ್.

ಮದ್ದು ದೊರೆತರೆ ಸಾಲದು, ಕೈಗೆಟುಕಬೇಕು. ಭಾರತದಲ್ಲಿ ಮೂಲ ಕಂಪನಿಯ ಗುಳಿಗೆಗೆ ತಿಂಗಳಿಗೆ ಸುಮಾರು 1.2 ಲಕ್ಷ ರೂಪಾಯಿ ಬೀಳುತ್ತಿತ್ತು; ನಮ್ಮ ದೇಶದ ಕಂಪನಿಗಳದಕ್ಕೆ ಸುಮಾರು 10 ಸಾವಿರ. ಮೂಲ ಕಂಪನಿಯ ಉತ್ತರಾಧಿಕಾರಿಯಾದ ನೊವಾರ್ಟಿಸ್ ಕೇಳಿದ ಪೇಟೆಂಟನ್ನು 2013ರ ಏಪ್ರಿಲ್ 1ರಂದು ನಮ್ಮ ಸರ್ವೋಚ್ಚ ನ್ಯಾಯಾಲಯ ನಿರಾಕರಿಸಿದುದರಿಂದ ಈ ಅಗ್ಗದ ದಾರಿ ತೆರೆದೇ ಉಳಿಯಿತು. ಅಮರಗೋಳಕ್ಕೆ ನೆರೆಯ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆಯಿದೆ. ಅಂಥ ಬಾಗಿಲಿಗೆ ಬರುವ ಬಡ ಕುಟುಂಬಕ್ಕೆ ಬೆಲೆಯ ಮಾತು ವಿಜ್ಞಾನದ ಮಾತಿಗಿಂತ ಚಿಕ್ಕದಲ್ಲ.

ಆ ಕುಟುಂಬದವರು ನೆನಪಿಡಬೇಕಾದುದು ಇನ್ನೊಂದುಂಟು. ಈ ಗುಳಿಗೆ ಸಾಮಾನ್ಯವಾಗಿ ರೋಗವನ್ನು ಅಂಕೆಯಲ್ಲಿಡುತ್ತದೆಯೇ ಹೊರತು ಬೇರುಸಹಿತ ಕಿತ್ತೊಗೆಯುವುದಿಲ್ಲ. ಮೈ ಹಗುರಾಯಿತೆಂದು ವೈದ್ಯರನ್ನು ಕೇಳದೆ ಬಿಟ್ಟರೆ ರೋಗ ಮರಳೀತು. ರೋಗಿಗಳು ಕೆಲವರೇ ಎಂದು ಡ್ರುಕರ್ ಕೈಬಿಡಲಿಲ್ಲ. ಅವರ ಹಟದಿಂದ ದೊರೆತ ಮದ್ದನ್ನು ನಾವು ಅಸಡ್ಡೆಯಿಂದ ಕೈಬಿಡದಿರೋಣ.