ಕೋತಿ ಮನುಷ್ಯನಾದದ್ದನ್ನು ಕಂಡವರ್ಯಾರು?



2018ರ ಜನವರಿಯಲ್ಲಿ ಕೇಂದ್ರದ ಮಾನವ ಸಂಪನ್ಮೂಲ ಖಾತೆಯ ರಾಜ್ಯ ಸಚಿವರಾಗಿದ್ದ ಸತ್ಯಪಾಲ್ ಸಿಂಗ್ ಒಂದು ಮಾತು ಆಡಿದರು. ಡಾರ್ವಿನ್ನನ ವಾದ ವೈಜ್ಞಾನಿಕವಾಗಿ ತಪ್ಪು, ಕೋತಿ ಮನುಷ್ಯನಾದದ್ದನ್ನು ಕಂಡೆವೆಂದು ನಮ್ಮ ಹಿರಿಯರು ಯಾರೂ ಹೇಳಿಲ್ಲ, ಬರೆದಿಲ್ಲ, ಆದ್ದರಿಂದ ಪಠ್ಯ ಬದಲಾಗಬೇಕು ಅಂತ. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಆ ಮಾತನ್ನು ಒಪ್ಪಲಿಲ್ಲ. ಸರಿ, ಮುಗೀತು ಅಂದ್ಕೊಂಡ್ರೆ 2023ರಲ್ಲಿ ಅಚ್ಚಾಗಿ ಬಂದ ಎನ್‌ಸಿಇಆರ್‌ಟಿ ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿ 'ಅನುವಂಶೀಯತೆ ಮತ್ತು ಜೀವವಿಕಾಸ' ಅನ್ನೋ ಪಾಠ ಬರೀ 'ಅನುವಂಶೀಯತೆ' ಆಗಿತ್ತು. ಮಕ್ಕಳ ಹೊರೆ ಇಳಿಸಿದ್ದೀವಿ ಅಂದರು. 1800ಕ್ಕೂ ಹೆಚ್ಚು ವಿಜ್ಞಾನಿಗಳು, ಮೇಷ್ಟ್ರುಗಳು ಸಹಿ ಹಾಕಿ ವಿರೋಧಿಸಿದರು. ಹನ್ನೆರಡನೇ ತರಗತಿಯ ಜೀವಶಾಸ್ತ್ರದಲ್ಲಿ ಈ ಪಾಠ ಉಳಿದಿದೆಯಲ್ಲ ಅನ್ನೋದು ಅವರ ಸಮಜಾಯಿಷಿ. ಯಾರಿಗೆ ಉಳಿದಿದೆ? ಜೀವಶಾಸ್ತ್ರ ಓದುವವರಿಗೆ. ಹಾಸ್ಟೆಲಿನಲ್ಲಿ ಉಂಡು ಆರ್ಟ್ಸ್ ಓದುವ ನಮಗೆ ಹತ್ತನೇ ತರಗತಿಯೇ ವಿಜ್ಞಾನದ ಕಡೇ ಬಾಗಿಲು. ಆ ಬಾಗಿಲಲ್ಲಿ ಯಾವ ಪಾಠ ಇಲ್ಲವೋ ಅದು ನಮ್ಮ ಪಾಲಿಗೆ ಇಲ್ಲವೇ ಇಲ್ಲ.

ಕಂಡವರ್ಯಾರು ಅನ್ನೋ ಪ್ರಶ್ನೆಗೆ ನಾವೇನೂ ಹೆದರಬೇಕಿಲ್ಲ. ಒಳ್ಳೇ ಪ್ರಶ್ನೆ. ಹಾಗಾದರೆ ಅದನ್ನ ಎಲ್ಲರಿಗೂ ಕೇಳೋಣ. ಪುರುಷನ ಬಾಯಿಂದ ಒಬ್ಬ, ತೋಳಿಂದ ಒಬ್ಬ, ತೊಡೆಯಿಂದ ಒಬ್ಬ, ಪಾದದಿಂದ ಒಬ್ಬ ಹುಟ್ಟಿದ್ದನ್ನ ಕಂಡವರ್ಯಾರು? ಆ ನಾಲ್ಕರಲ್ಲೂ ಜಾಗ ಸಿಕ್ಕದೆ ಊರಾಚೆ ನಿಂತ ನಮ್ಮನ್ನ ಹೆತ್ತವರ್ಯಾರು? ಇದಕ್ಕೆ ಸಾಕ್ಷಿ ಕೇಳಿದರೆ ಪಾಪ. ಡಾರ್ವಿನ್ನನಿಗೆ ಮಾತ್ರ ಕಣ್ಣಾರೆ ಕಂಡ ಸಾಕ್ಷಿ ಬೇಕು!

ಕಣ್ಣಾರೆ ಕಾಣದ್ದನ್ನೂ ತಿಳಿಯೋಕಾಗುತ್ತೆ. ನಮ್ಮ ಕೇರಿಯನ್ನ ಊರಿನ ಹೊರಕ್ಕೆ ತಳ್ಳಿದ ದಿನ ನಾವ್ಯಾರೂ ಇರಲಿಲ್ಲ. ಆದರೆ ಬಾವಿ ಎಲ್ಲಿದೆ, ಗುಡಿ ಎಲ್ಲಿದೆ, ಸುಡುಗಾಡು ಎಲ್ಲಿದೆ ಅಂತ ನೋಡಿದರೆ ತಳ್ಳಿದ್ದು ಗೊತ್ತಾಗುತ್ತೆ. ನೆಲ ಸಾಕ್ಷಿ ಹೇಳುತ್ತೆ. ಜೀವವಿಕಾಸದ ಸಾಕ್ಷಿಯೂ ಹಂಗೇನೇ, ನೆಲದಲ್ಲಿ ಐತೆ, ಮೈಯಲ್ಲೂ ಐತೆ. ಮೊದಲು ಒಂದು ಮಾತು. ಮರದ ಮೇಲಿನ ಈ ಕೋತಿ ಮನುಷ್ಯನಾಯ್ತು ಅಂತ ಯಾವ ವಿಜ್ಞಾನಿಯೂ ಹೇಳೋದಿಲ್ಲ. ಕೋತಿಗೂ ನಮಗೂ ಬಹು ಹಿಂದೆ ಒಬ್ಬಳೇ ಮುತ್ತಜ್ಜಿ ಇದ್ದಳು ಅನ್ನೋದು ವಾದ. ಕೋತಿ ನಮ್ಮಪ್ಪ ಅಲ್ಲ, ದೂರದ ದಾಯಾದಿ.

ನೆಲದ ಸಾಕ್ಷಿ ನಮ್ಮ ದೇಶದ್ದೇ ಒಂದು ಹೇಳ್ತೀವಿ. ತಿಮಿಂಗಿಲ ಮೀನಲ್ಲ, ಮರಿಗೆ ಹಾಲೂಡಿಸುವ ಪ್ರಾಣಿ ಅಂತ ಎಲ್ಲರೂ ಬಲ್ಲರು. ಅದು ನೀರಿಗೆ ಹೋದದ್ದು ಎಲ್ಲಿಂದ? ಜಮ್ಮು ಕಾಶ್ಮೀರದ ಕಾಲಾಕೋಟ್ ಸೀಮೆಯಲ್ಲಿ ಭೂವಿಜ್ಞಾನಿ ಎ. ರಂಗರಾವ್ ಕಲ್ಲಾದ ಮೂಳೆಗಳನ್ನು ಆಯ್ದು ತಂದಿದ್ದರು. ಅದರಲ್ಲೊಂದು ಪ್ರಾಣಿಗೆ 1971ರಲ್ಲಿ 'ಇಂಡೋಹಯಸ್' ಅಂತ ಹೆಸರಿಟ್ಟರು. ಬಂಡೆಗಳು ಎಷ್ಟೋ ವರ್ಷ ಹಾಗೇ ಬಿದ್ದಿದ್ದವು. ಅವರು ತೀರಿಕೊಂಡ ಮೇಲೆ ಅವು ತೆವಿಸನ್ ಎಂಬ ವಿಜ್ಞಾನಿಯ ಕೈಸೇರಿದವು. ಕಲ್ಲು ಬಿಡಿಸುವಾಗ ಒಂದು ತಲೆಬುರುಡೆಯ ಕಿವಿಮೂಳೆ ಒಡೀತು. ನೋಡಿದರೆ, ಅದರ ಒಳಗೋಡೆ ದಪ್ಪಗಿತ್ತು. ಅಂಥ ಕಿವಿಮೂಳೆ ತಿಮಿಂಗಿಲದ ಕುಲದ ಗುರುತು. ಇದೋ ಸುಮಾರು 4.8 ಕೋಟಿ ವರ್ಷದ ಹಿಂದಿನ, ಸಣ್ಣ ಜಿಂಕೆಯಂಥ, ನಾಲ್ಕು ಕಾಲಿನ ಗೊರಸಿನ ಪ್ರಾಣಿ! ಕಾಲಿನ ಮೂಳೆಗಳೂ ಗಟ್ಟಿ, ಭಾರ. ನೀರಲ್ಲಿ ಕಾಲೂರಿ ನಡೆಯೋ ಪ್ರಾಣಿಗೆ ಇರೋ ಹಂಗೆ. 2007ರಲ್ಲಿ ಇದು ಪ್ರಕಟವಾಯ್ತು. ಪಾಕಿಸ್ತಾನದ ಬಂಡೆಗಳಲ್ಲಿ ಕಾಲಿದ್ದ ತಿಮಿಂಗಿಲಗಳೇ ಸಿಕ್ಕಿವೆ. ಗುಜರಾತಿನ ಕಛ್‌ನಲ್ಲಿ ಗಿಡ್ಡ ಕಾಲು, ಉದ್ದ ಬಾಲದ್ದು ಸಿಕ್ಕಿದೆ. ಇವತ್ತಿನ ತಿಮಿಂಗಿಲಕ್ಕೆ ಹಿಂಗಾಲಿಲ್ಲ, ಆದರೆ ಸೊಂಟದ ಮೂಳೆಯ ತುಣುಕು ಮಾಂಸದೊಳಗೆ ಅವಿತುಕೊಂಡಿದೆ. ಕಾಲೇ ಇಲ್ಲದ ಪ್ರಾಣಿಗೆ ಸೊಂಟ ಯಾರು ಕೊಟ್ಟರು, ಯಾಕೆ ಕೊಟ್ಟರು? ಕಂಡವರ್ಯಾರು ಅನ್ನೋರು ಇದಕ್ಕೆ ಉತ್ತರ ಹೇಳಲಿ.

ಇನ್ನು ಮೈಯ ಸಾಕ್ಷಿ. ಮೇಕೆಗೆ ನೆಲ್ಲಿಕಾಯಿ ಬೇಕಿಲ್ಲ, ನಿಂಬೆಹಣ್ಣೂ ಬೇಕಿಲ್ಲ. ಸಿ ವಿಟಮಿನ್ ಅದರ ಮೈಯಲ್ಲೇ ತಯಾರಾಗುತ್ತೆ. ನಮಗೆ ಆಗೋದಿಲ್ಲ. ಅದನ್ನ ಮಾಡೋ ಜೀನ್ ನಮ್ಮ ಮೈಯಲ್ಲಿಲ್ಲವೇ ಅಂದರೆ, ಇದೆ, ಕೆಟ್ಟು ಬಿದ್ದಿದೆ. ಚಿಂಪಾಂಜಿಯಲ್ಲೂ ಅದೇ ಜೀನ್ ಕೆಟ್ಟಿದೆ, ಕೋತಿಯಲ್ಲೂ ಕೆಟ್ಟಿದೆ. ಇಬ್ಬರು ಹುಡುಗರು ಪರೀಕ್ಷೆಯಲ್ಲಿ ಸರಿ ಉತ್ತರ ಒಂದೇ ಥರ ಬರೆದರೆ ಮೇಷ್ಟ್ರು ಸುಮ್ಮನಿರ್ತಾರೆ. ತಪ್ಪೂ ಒಂದೇ ಥರ ಬರೆದರೆ ಒಂದೇ ಚೀಟಿಯಿಂದ ಬಂದದ್ದು ಅಂತ ಹಿಡೀತಾರೆ. ಇಲ್ಲಿ ಆ ಚೀಟಿ ಮುತ್ತಜ್ಜಿಯದು. ಇನ್ನೊಂದು: ಚಿಂಪಾಂಜಿಗೆ 24 ಜೊತೆ ಕ್ರೋಮೋಸೋಮು, ನಮಗೆ 23. ಒಂದು ಜೊತೆ ಎಲ್ಲಿ ಹೋಯ್ತು? ಕ್ರೋಮೋಸೋಮಿನ ತುದಿಯಲ್ಲಿ ಮಾತ್ರ ಇರಬೇಕಾದ ಗುರುತು ನಮ್ಮ ಎರಡನೇ ಕ್ರೋಮೋಸೋಮಿನ ನಡುವಿನಲ್ಲೂ ಇರೋದು 1991ರಲ್ಲಿ ಪತ್ತೆಯಾಯ್ತು. ಎರಡು ಹಗ್ಗ ಗಂಟುಹಾಕಿ ಒಂದು ಮಾಡಿದ ಹಾಗೆ.

ಕಣ್ಣೆದುರೇ ಆಗೋದು ಬೇಕು ಅನ್ನೋರು ಕ್ಷಯದ ವಾರ್ಡಿಗೆ ಹೋಗಲಿ. ಸ್ಟ್ರೆಪ್ಟೊಮೈಸಿನ್ ಮದ್ದು 1943ರಲ್ಲಿ ಸಿಕ್ಕಿತು, ಕೆಲವೇ ವರ್ಷದಲ್ಲಿ ಅದಕ್ಕೆ ಬಗ್ಗದ ಕ್ಷಯದ ಕ್ರಿಮಿ ಕಾಣಿಸಿಕೊಂಡಿತು. ಕೋಟಿ ಕ್ರಿಮಿಗಳಲ್ಲಿ ಎಲ್ಲೋ ಒಂದರ ಜೀನು ಆಕಸ್ಮಿಕವಾಗಿ ಬದಲಾಗಿರುತ್ತೆ. ಮದ್ದು ಮಿಕ್ಕವನ್ನ ಕೊಲ್ಲುತ್ತೆ, ಅದು ಉಳಿದು ಸಂತಾನ ಬೆಳೆಸುತ್ತೆ. ಡಾರ್ವಿನ್ 1859ರಲ್ಲಿ ಬರೆದ ನಿಸರ್ಗದ ಆಯ್ಕೆ ಅಂದರೆ ಇದೇನೇ. ಗುಳಿಗೆ ಅರ್ಧಕ್ಕೆ ಬಿಡಬೇಡಿ ಅಂತ ಡಾಕ್ಟರು ಬೈಯೋದು ಇದಕ್ಕೇ.

ಈಗ ನಮ್ಮನ್ನ ಕುಟುಕೋ ಮಾತಿಗೆ ಬರೋಣ. ಮೀಸಲಾತಿ ವಿರುದ್ಧ ಕಾಲೇಜಿನಲ್ಲಿ ಭಾಷಣ ಬಿಗಿಯೋ ಕೆಲವರು, ಮನೇಲಿ ಡಾರ್ವಿನ್ನನ್ನ ಒಪ್ಪದವರು, ವೇದಿಕೆ ಹತ್ತಿದ ಕೂಡಲೇ ಡಾರ್ವಿನ್ನನ ಭಕ್ತರಾಗಿಬಿಡ್ತಾರೆ. 'ಯೋಗ್ಯರು ಉಳೀತಾರೆ, ಅಯೋಗ್ಯರು ಅಳೀತಾರೆ, ಇದು ನಿಸರ್ಗದ ನಿಯಮ' ಅಂತಾರೆ. ಆ ಮಾತು ಮೊದಲು ಆಡಿದವನು ಹರ್ಬರ್ಟ್ ಸ್ಪೆನ್ಸರ್, 1864ರಲ್ಲಿ. ಡಾರ್ವಿನ್ ಆಮೇಲೆ ಎರವಲು ತಗೊಂಡ. ಅದೊಂದು ಕೆಟ್ಟ ಸಾಲ ಅಂತ ನಮ್ಮ ಅಭಿಪ್ರಾಯ. ಯಾಕಂದರೆ ಇಲ್ಲಿ ಯೋಗ್ಯ ಅಂದರೆ ಶ್ರೇಷ್ಠ ಅಲ್ಲ. ಆ ಜಾಗಕ್ಕೆ, ಆ ಕಾಲಕ್ಕೆ ಹೊಂದಿದ್ದು ಅಷ್ಟೆ. ಕುಡುಗೋಲು ಕಣ ರಕ್ತಹೀನತೆ ನೋಡಿ. ನೀಲಗಿರಿಯ ಆದಿವಾಸಿಗಳಲ್ಲಿ 1952ರಲ್ಲಿ ಗುರುತಿಸಿದರು. ಆ ಜೀನು ಅಪ್ಪ ಅಮ್ಮ ಇಬ್ಬರಿಂದಲೂ ಬಂದರೆ ಮಗು ನರಳುತ್ತೆ. ಒಬ್ಬರಿಂದ ಬಂದರೆ ಮಲೇರಿಯಾದಿಂದ ಕಾಯುತ್ತೆ. ಮಲೇರಿಯಾ ಇರೋ ಕಾಡಲ್ಲಿ ಅದು ವರ, ಇಲ್ಲದ ಕಡೆ ಬರೀ ಶಾಪ. ಇದರಲ್ಲಿ ಮೇಲೆಲ್ಲಿ, ಕೀಳೆಲ್ಲಿ? ಅಗ್ರಹಾರದ ಶಾಲೆ, ಟ್ಯೂಷನ್ನು, ಅಪ್ಪನ ಆಸ್ತಿ, ಇವೆಲ್ಲ ಯಾವ ಜೀನಲ್ಲಿ ಬಂದವು ಸ್ವಾಮಿ?

ಡಾರ್ವಿನ್ ನಮಗೆ ದೇವರಲ್ಲ. ಗುಲಾಮಗಿರಿಯನ್ನ ದ್ವೇಷಿಸಿದವನೇ 'ಅನಾಗರಿಕ' ಜನಾಂಗಗಳು ಅಂತ ಸಲೀಸಾಗಿ ಬರೆದ. ಆದರೆ ಅವನ ಬದುಕಿನ ಒಂದು ಸಂಗತಿ ಯಾವ ಪಾಠದಲ್ಲೂ ನಮಗೆ ಹೇಳಲಿಲ್ಲ. 1826ರಲ್ಲಿ ಎಡಿನ್‌ಬರೋದಲ್ಲಿ ಓದುತ್ತಿದ್ದಾಗ, ಸತ್ತ ಹಕ್ಕಿಯ ಚರ್ಮ ಸುಲಿದು ತುಂಬಿ ಕಾಪಿಡುವ ವಿದ್ಯೆಯನ್ನ ಅವನಿಗೆ ಕಲಿಸಿದ್ದು ಜಾನ್ ಎಡ್ಮನ್‌ಸ್ಟನ್. ಗಯಾನಾದಲ್ಲಿ ಗುಲಾಮನಾಗಿದ್ದು ಬಿಡುಗಡೆಯಾದ ಕರಿಯ. ಬೀಗಲ್ ಹಡಗಿನ ಪ್ರವಾಸದಲ್ಲಿ ಹಕ್ಕಿಗಳನ್ನು ಕೂಡಿಡೋಕೆ ಆ ವಿದ್ಯೆ ಬೇಕಾಯ್ತು. ಚರ್ಮದ ಕೆಲಸ ಅಂದರೆ ಏನಂತ ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ಇನ್ನು ಜಾತಿಯ ರಕ್ತ. ಬಾಬಾಸಾಹೇಬರು 1916ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ, 25ನೇ ವಯಸ್ಸಿನಲ್ಲಿ, ಒಂದು ಪ್ರಬಂಧ ಓದಿದರು. ಈ ದೇಶದ ಜನ ಬೆರೆತ ಜನ, ಒಳಗೊಳಗೇ ಮದುವೆಯಾಗೋ ಕಟ್ಟಳೆಯೇ ಜಾತಿಯ ತಿರುಳು ಅಂತ ಅವರ ವಾದ. 97 ವರ್ಷ ಕಳೆದು 2013ರಲ್ಲಿ, ಹೈದರಾಬಾದಿನ ಸಿಸಿಎಂಬಿ ವಿಜ್ಞಾನಿಗಳೂ ಸೇರಿ ಮಾಡಿದ ಜೀನ್ ಅಧ್ಯಯನ ಬಂತು. ಸುಮಾರು 4200ರಿಂದ 1900 ವರ್ಷಗಳ ಹಿಂದಿನವರೆಗೆ ಇಲ್ಲಿನ ಜನ ಹೇರಳವಾಗಿ ಬೆರೆತರು, ಆಮೇಲೆ ಬೆರೆಯೋದು ನಿಂತಿತು ಅಂತ ಅದು ಹೇಳ್ತು. ಅಂದರೆ ಮೊದಲು ಕೂಡಿ ಬಾಳಿದ್ದು, ಬೇಲಿ ಹಾಕಿದ್ದು ಆಮೇಲೆ.

ಹಾಸ್ಟೆಲಿನ ತಮ್ಮಂದಿರೇ, ತಂಗಿಯರೇ, ನಿಮ್ಮ ಟ್ರಂಕಿನಲ್ಲೋ ಲೈಬ್ರರಿಯಲ್ಲೋ ಹತ್ತನೇ ತರಗತಿಯ ಹಳೇ ವಿಜ್ಞಾನ ಪುಸ್ತಕ ಇದ್ದರೆ ರದ್ದಿಗೆ ಹಾಕಬೇಡಿ. ಜೀವವಿಕಾಸದ ಪಾಠ ಅದರಲ್ಲಿ ಪೂರ್ತಿ ಇದೆ. ಭಾನುವಾರ ಮಧ್ಯಾಹ್ನ ಊಟ ಆದ ಮೇಲೆ ಒಬ್ಬರು ಗಟ್ಟಿಯಾಗಿ ಓದಲಿ, ಮಿಕ್ಕವರು ಪ್ರಶ್ನೆ ಕೇಳಲಿ. ಕಂಡವರ್ಯಾರು ಅಂತಲೂ ಕೇಳಲಿ.