ರೈಲಿಳಿದ ಮೇಲಿನ ದಾರಿ

ದೂರದ ಪ್ರಯಾಣದಲ್ಲಿ ಬಳಲಿಕೆಯು ಗಾಡಿಯಲ್ಲಿ ಕುಳಿತಿರುವಾಗ ಬರುವುದಕ್ಕಿಂತ ಇಳಿದ ಮೇಲೆ ಬರುವುದೇ ಹೆಚ್ಚು. ಮಗುವನ್ನು ಕಂಕುಳಲ್ಲೆತ್ತಿಕೊಂಡು ಗಂಟುಮೂಟೆಯೊಡನೆ ಹೊರಬರುವಷ್ಟರಲ್ಲಿ ಹಳ್ಳಿಯ ಕಡೆಯ ಬಸ್ಸು ಹೊರಟುಹೋಗಿದ್ದರೆ, ರೈಲು ಎಷ್ಟು ವೇಗವಾಗಿ ಬಂದಿದ್ದರೇನು?

ಸ್ವಿಟ್ಜರ್ಲೆಂಡಿನವರು ಇದಕ್ಕೆ ಮಾಡಿರುವ ಏರ್ಪಾಡು ಗೃಹಸ್ಥರೆಲ್ಲರೂ ತಿಳಿಯತಕ್ಕದ್ದಾಗಿದೆ. ಆ ಬೆಟ್ಟದ ನಾಡಿನಲ್ಲಿ ಟಪಾಲು ಇಲಾಖೆಯ ಮೊದಲ ಮೋಟಾರು ಬಸ್ಸು 1906ರಲ್ಲಿ ಬರ್ನ್ ನಗರದಿಂದ ಡೆಟ್ಲಿಗೆನ್ ಎಂಬ ಹಳ್ಳಿಗೆ ಹೊರಟಿತು. ಈಗ ಹಳದಿ ಬಣ್ಣದ ಆ ಬಸ್ಸುಗಳು ರೈಲು ಹೋಗಲಾರದ ಅನೇಕ ಕಣಿವೆಗಳನ್ನು ಮುಟ್ಟುತ್ತವೆ. 1982ರಿಂದ ರೈಲುಗಳು ಪ್ರತಿ ಗಂಟೆಯೂ ಅದೇ ನಿಮಿಷಕ್ಕೆ ಹೊರಡತೊಡಗಿದವು. 1987ರಲ್ಲಿ ಜನರೇ ಮತವಿತ್ತು ಒಪ್ಪಿದ ಯೋಜನೆಯು ಇದನ್ನು ಇನ್ನೂ ಬಿಗಿಗೊಳಿಸಿತು: ಮುಖ್ಯ ಜಂಕ್ಷನ್ನುಗಳಲ್ಲಿ ಹಲವು ದಿಕ್ಕಿನ ಗಾಡಿಗಳು ಗಂಟೆ ಹೊಡೆಯುವುದಕ್ಕೆ ತುಸು ಮುಂಚೆ ಬಂದು ಸೇರಿ, ಹೊಡೆದ ತುಸು ಹೊತ್ತಿಗೆ ಅಗಲುತ್ತವೆ. ಹಳ್ಳಿಯ ಬಸ್ಸಿನ ವೇಳೆಯನ್ನೂ ಸಾಮಾನ್ಯವಾಗಿ ರೈಲಿಗೇ ಹೊಂದಿಸಿರುತ್ತಾರೆ.

ಇದು ಸಾಗಬೇಕಾದರೆ ಜ್ಯೂರಿಕ್‌ನಿಂದ ಬರ್ನ್‌ಗೆ ಒಂದು ಗಂಟೆಯೊಳಗೆ ತಲಪಬೇಕಾಗಿದ್ದಿತು. ಹಿಡಿಯುತ್ತಿದ್ದುದು 69 ನಿಮಿಷ. ಸುಮಾರು 45 ಕಿಲೋಮೀಟರು ಹೊಸ ಹಳಿ ಹಾಕಿ, 2004ರ ಡಿಸೆಂಬರಿನಲ್ಲಿ ಅದನ್ನು 56ಕ್ಕೆ ಇಳಿಸಿದರು. ಅದಕ್ಕೂ ಕಡಮೆಮಾಡುವ ಗೊಡವೆಗೆ ಹೋಗಲಿಲ್ಲ. 40 ನಿಮಿಷದಲ್ಲಿ ತಲಪಿದರೂ ಮುಂದಿನ ಗಾಡಿಗಾಗಿ ಕಾದಿರಬೇಕಷ್ಟೆ! ವೇಗದ ಹುಚ್ಚಿಗಿಂತ ಈ ಲೆಕ್ಕಾಚಾರವೇ ನನಗೆ ಮೆಚ್ಚು.

ನಮ್ಮಲ್ಲಿ ರೈಲಿನ ವೇಳೆಯನ್ನು ಗೊತ್ತುಮಾಡುವವರು ಬೇರೆ, ಬಸ್ಸಿನ ವೇಳೆಯನ್ನು ಗೊತ್ತುಮಾಡುವವರು ಬೇರೆ. ಎರಡು ನಿಲ್ದಾಣಗಳೂ ಎಷ್ಟೋ ಊರುಗಳಲ್ಲಿ ಒಂದಕ್ಕೊಂದು ದೂರ. ನಡುವಣ ದಾರಿಯಲ್ಲಿ ಆಟೋದವನೊಡನೆ ಚೌಕಾಸಿ ಮಾಡುವ ಪಾಡು ಮಾತ್ರ ಪ್ರಯಾಣಿಕನದು.